ಸನ್ನತಿಯ ಸ್ತೂಪದ ಬಗ್ಗೆ ಬರೆಯುವಾಗ ಚಂದ್ರಲಾಂಬೆಯ ಐತಿಹ್ಯವನ್ನು ಕೈಬಿಡಬಹುದೇ?

ಕಲಬುರಗಿ ಜಿಲ್ಲೆಯ ಸನ್ನತಿಗೆ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಕುರಿತ ಕಿರುಪ್ರಬಂಧದಲ್ಲಿ ಬೌದ್ಧಧರ್ಮಕ್ಕೆ ಸಂಬಂಧಿಸದ, ಸನ್ನತಿಯ ದೇವಿ ಚಂದ್ರಲಾಂಬೆಯ ಕಥೆ ಬೇಕೇ ಎಂದು ಕೇಳಿದ್ದೀರಿ. ಸುಮಾರು 20 ವರ್ಷಗಳ ಹಿಂದೆ, ಇದೇ ವಿಷಯದ ಮೇಲೆ ನನ್ನ ಪ್ರಬಂಧ ಬರೆಯುವಾಗ, ಬೇಡವೆಂದು ನಾನು ತೀರ್ಮಾನಿಸಿದ್ದೆ.

ಶಾಸನಗಳು ‘ಅಧೋಲೋಕ ಮಹಾಚೈತ್ಯ’ (ಪಾತಾಳಲೋಕದ ಮಹಾಸ್ತೂಪ) ಎಂದು ಕರೆಯುವ ಆ ನೆಲೆಯಲ್ಲಿ ಎರಡು ದಿನ ಕಳೆದು, ಅಶೋಕನ ಹೆಸರನ್ನೇ ಬ್ರಾಹ್ಮಿ ಲಿಪಿಯಲ್ಲಿ ಕೊರೆದಿರುವ ಫಲಕದ ಮುಂದೆ ಕುಳಿತು ಟಿಪ್ಪಣಿ ಮಾಡಿಕೊಂಡೆ. ಕೆಲವೇ ಕಿಲೋಮೀಟರ್ ದೂರದ ಚಂದ್ರಲಾಂಬೆಯ ಗುಡಿಗೆ ಹೋಗಲಿಲ್ಲ. ನಾರಾಯಣ ಮುನಿಯ ಪತ್ನಿಯನ್ನು ಹೊತ್ತೊಯ್ದ ಸೇತುರಾಜನನ್ನು ದೇವಿಯ ದುಂಬಿಗಳು ಅಟ್ಟಿಸಿಕೊಂಡು ಹೋಗಿ ಭೀಮಾ ನದಿಯಲ್ಲಿ ಮುಳುಗಿಸಿದವೆಂಬ ಕಥೆಯನ್ನು ಕೇಳಿದ್ದೆನಾದರೂ, ಅದು ಭಕ್ತರಿಗೆ ಬಿಟ್ಟ ವಿಷಯವೆಂಬ ಜಂಬ ನನ್ನಲ್ಲಿತ್ತು.

ತಪ್ಪು ನಡೆದದ್ದು ಅಲ್ಲಿ. ಸನ್ನತಿಯ ಅಶೋಕ ಶಾಸನವನ್ನು ನಾನು ಅಚ್ಚಾದ ಪಾಠದಲ್ಲಷ್ಟೇ ಓದಿದ್ದೆ. ನಡುವೆ ಅಕ್ಷರಗಳು ಕಾಣೆಯಾದ ಕಡೆ ಚುಕ್ಕಿಗಳಿದ್ದವು. ಮಳೆಗಾಳಿಗೆ ಸವೆದಿರಬೇಕೆಂದು ಊಹಿಸಿ, ಊಹೆಯೆಂದು ಹೇಳದೆ, ‘ಕಾಲಾಂತರದಲ್ಲಿ ಸವೆದು ಹೋಗಿದೆ’ ಎಂದು ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಕಲ್ಲಿನ ಚಿತ್ರವನ್ನು ಮೇಜಿನ ಮೇಲಿಟ್ಟು, ‘ಸವೆತಕ್ಕೆ ಇಷ್ಟು ನೇರವಾದ ಅಂಚು ಇರುತ್ತದೆಯೇ?’ ಎಂದರು. ನಡುವೆ ಇದ್ದದ್ದು ಉಳಿಯಿಂದ ಕೊರೆದ ಕಂಡಿ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ವಿಗ್ರಹಕ್ಕೆ ಆ ಚಪ್ಪಡಿಯೇ ಪೀಠವಾಗಿತ್ತು. 1986ರಲ್ಲಿ ಕಾಳಿಗುಡಿಯ ಚಾವಣಿ ಕುಸಿದ ಮೇಲಷ್ಟೇ ಅದು ಶಾಸನವೆಂದು ತಿಳಿಯಿತು. ಗುಡಿಗೆ ಒಮ್ಮೆ ಹೋಗಿ ಅರ್ಚಕರನ್ನು ಮಾತನಾಡಿಸಿದ್ದರೂ ಇದು ನನಗೆ ಗೊತ್ತಾಗುತ್ತಿತ್ತು. ಪ್ರಬಂಧ ವಾಪಸಾಯಿತು, ನನ್ನ ಒಂದು ವರ್ಷ ಹೋಯಿತು. ಆ ಕಲ್ಲಿನಲ್ಲಿರುವ, ಅಶೋಕನ ಬಂಡೆಗಲ್ಲು ಶಾಸನಗಳಲ್ಲಿ 12ನೆಯದು ಪರಮತವನ್ನು ಹಳಿಯದೆ ನಾಲಿಗೆಯನ್ನು ಬಿಗಿಹಿಡಿಯಬೇಕೆನ್ನುತ್ತದೆ. ನಾನೋ ಗುಡಿಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಆದ್ದರಿಂದ ಕಥೆ ಬೌದ್ಧವೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಕಥೆ ಸ್ತೂಪದ್ದಲ್ಲ, ನಿಜ. ಆದರೆ ಆ ಕಥೆಯ ಸುತ್ತ ಬೆಳೆದ ಗುಡಿಯಲ್ಲಿಯೇ ಶಾಸನ ಉಳಿದು ಬಂದಿದೆ. ದುಂಬಿಗಳೆಂದರೆ ಭಿಕ್ಷುಗಳು, ಸೇತುರಾಜನೆಂದರೆ ಇಂಥ ಅರಸ ಎಂದು ಬಲವಂತವಾಗಿ ಹೊಂದಿಸಲು ಮಾತ್ರ ಹೋಗಬೇಡಿ, ಅದು ನನ್ನ ‘ಸವೆತ’ಕ್ಕಿಂತಲೂ ಕೆಟ್ಟ ಊಹೆ. ಮೊದಲು ಗುಡಿಗೆ ಹೋಗಿ, ಕಥೆಯನ್ನು ಹೇಳುವವರ ಮಾತಿನಲ್ಲಿಯೇ ಬರೆದುಕೊಳ್ಳಿ. ಕನಗನಹಳ್ಳಿಗೆ ಆಮೇಲೆ ಹೋಗಿ. ಕಲ್ಲನ್ನು ಕಣ್ಣಾರೆ ನೋಡುವವರೆಗೆ ಶಾಸನದ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ.