ಮಂಗಳೂರಿನಿಂದ ಹಾರಂಗಿ ಹಿನ್ನೀರಿಗೆ ವೇಕ್‌ಬೋರ್ಡ್ ದೋಣಿ ತರಲು ಎಂಥ ಟ್ರೈಲರ್ ಬೇಕು?

ನಿಮ್ಮ ದೋಣಿಯ ತಳಕ್ಕೇ ಅಳತೆ ಮಾಡಿದ, ಎರಡು ಆಕ್ಸಲ್ ಮತ್ತು ಸ್ವಂತ ಬ್ರೇಕ್ ಇರುವ ಬಂಕ್ ಟ್ರೈಲರ್ ತಗೊಳ್ಳಿ. ಬಂಕ್ ಅಂದರೆ ದೋಣಿ ಕೂರಲು ಉದ್ದಕ್ಕೆ ಹಾಕಿದ, ಕಾರ್ಪೆಟ್ ಸುತ್ತಿದ ಪಟ್ಟಿಗಳು. ವೇಕ್‌ಬೋರ್ಡ್ ದೋಣಿಗಳ (ಹಲಗೆಯ ಮೇಲೆ ನಿಂತವರನ್ನು ಹಗ್ಗದಿಂದ ನೀರಿನ ಮೇಲೆ ಎಳೆಯುವ ದೋಣಿಗಳು) ಪ್ರೊಪೆಲ್ಲರ್, ಚುಕ್ಕಾಣಿ ಎರಡೂ ತಳದ ಕೆಳಗೇ ಇರುತ್ತವೆ; ಅಳತೆ ತಪ್ಪಿದ ಟ್ರೈಲರ್‌ನ ಅಡ್ಡಪಟ್ಟಿಗೆ ಬಡಿದರೆ ಬಾಗುತ್ತವೆ.

ದಾರಿಯಲ್ಲಿ ಸಿಗುವ ಸಂಪಾಜೆ ಘಾಟಿಯಲ್ಲಿ ಹೋಗುವಾಗ ಹತ್ತುವುದಕ್ಕಿಂತ ಮರಳುವಾಗ ಇಳಿಯುವುದೇ ಕಷ್ಟ. ಅಗ್ಗದ ಟ್ರೈಲರ್‌ಗಳಲ್ಲಿರುವುದು ಸರ್ಜ್ ಬ್ರೇಕ್: ಟ್ರೈಲರ್ ಮುಂದಕ್ಕೆ ನೂಕಿದಾಗ ಕೊಕ್ಕೆಯ ಬಳಿಯ ಪಿಸ್ಟನ್ ಒತ್ತಿಕೊಂಡು ಬ್ರೇಕ್ ಹಿಡಿಯುತ್ತದೆ. ಉದ್ದ ಇಳಿಜಾರಿನಲ್ಲಿ ಟ್ರೈಲರ್ ನೂಕುತ್ತಲೇ ಇರುತ್ತದೆ. ನೀವು ಸೆಕೆಂಡ್ ಗೇರಿನಲ್ಲಿ ನಿಧಾನವಾಗಿ ಇಳಿದರೂ ಬ್ರೇಕ್ ಬಿಡದೆ ಉಜ್ಜಿ ಕಾಯುತ್ತದೆ, ಕಾದಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಬಜೆಟ್ ಇದ್ದರೆ ಡ್ರೈವರ್ ಸೀಟಿನಿಂದಲೇ ನಿಯಂತ್ರಿಸುವ ಎಲೆಕ್ಟ್ರಿಕ್-ಹೈಡ್ರಾಲಿಕ್ ಬ್ರೇಕ್ ಹಾಕಿಸಿ. ನಾನಾದರೆ ಬೇರೆ ಯಾವುದರಲ್ಲಿ ದುಡ್ಡು ಉಳಿಸಿದರೂ ಇದರಲ್ಲಿ ಉಳಿಸುತ್ತಿರಲಿಲ್ಲ.

ತೂಕ ಲೆಕ್ಕ ಹಾಕುವಾಗ ಕಂಪನಿ ಹೇಳುವ ಖಾಲಿ ತೂಕಕ್ಕೆ ಪೆಟ್ರೋಲ್, ಸಾಮಾನು ಸೇರಿಸಿ. ಅಲೆ ದೊಡ್ಡದಾಗಲೆಂದು ತುಂಬುವ ಬ್ಯಾಲಸ್ಟ್ ನೀರನ್ನು ದಡಕ್ಕೆ ಬರುವ ಮೊದಲೇ ಖಾಲಿ ಮಾಡಿ. 400 ಲೀಟರ್ ಅಂದರೆ 400 ಕಿಲೋ. ಒಟ್ಟು ಭಾರದ ಸುಮಾರು 10% ಕೊಕ್ಕೆಯ ಮೇಲೆ ಬೀಳಬೇಕು, ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಸ್ಕೀ ದೋಣಿಗೆ ಎಂಜಿನ್ ಸಾಮಾನ್ಯವಾಗಿ ನಡುವೆ, ವೇಕ್‌ಬೋರ್ಡ್ ದೋಣಿಗೆ ಹಿಂದೆ. ಭಾರ ಬೀಳುವ ಜಾಗವೇ ಬೇರೆ, ಹಾಗಾಗಿ ಒಂದರ ಟ್ರೈಲರ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಹಾರಂಗಿಯದು ಸಿಹಿನೀರು, ಪೇಂಟ್ ಮಾಡಿದ ಉಕ್ಕು ಸಾಕು. ಮಂಗಳೂರಲ್ಲಿ ಸಮುದ್ರಕ್ಕೂ ಇಳಿಸುವುದಾದರೆ ತುಕ್ಕು ತಡೆಯಲು ಗ್ಯಾಲ್ವನೈಸ್ ಮಾಡಿದ್ದೇ (ಸತುವಿನ ಲೇಪ ಹಾಕಿದ್ದು) ಬೇಕು.