ಅರ್ಧ ಎಕರೆ ಹೊಂಡಕ್ಕೆ 5000 ಮೀನುಮರಿ ಬಿಡಬಹುದಾ?

ಅರ್ಧ ಎಕರೆ ಹೊಂಡ ಇದೆ, ಮರಿ ಮಾರುವವರು 5000 ಬಿಡಿ ಅಂತಿದ್ದಾರೆ, ಜಾಸ್ತಿ ಬಿಟ್ಟರೆ ಜಾಸ್ತಿ ಲಾಭ ಅಲ್ವಾ ಅಂತ ಕೇಳಿದ್ದೀರಿ. ಕಾಟ್ಲಾ, ರೋಹು, ಮೃಗಾಲ್ ಆದರೆ ಬೇಡ. ಬೆರಳುದ್ದ ಬಲಿತ ಮರಿ 1000ದಿಂದ 1500 ಸಾಕು. ಏರಿಯೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇಲ್ಲದಿದ್ದರೆ 1000ದ ಹತ್ತಿರವೇ ಇರಿ.

ನಾನು ಸಾಕುವುದೂ ಇದೇ ಮೂರು ಜಾತಿ. ಲೆಕ್ಕ ಹಾಕುವಾಗ ಮರಿ ಎಣಿಸಬೇಡಿ, ಕಿಲೋ ನೋಡಿ. ಯಾವುದೇ ಹೊಂಡ ಇಂತಿಷ್ಟೇ ತೂಕದ ಮೀನು ತಾಳುತ್ತದೆ. ಸುಮ್ನೆ ಲೆಕ್ಕಕ್ಕೆ 700 ಕಿಲೋ ಅಂದುಕೊಳ್ಳಿ. 900 ಮೀನು ಉಳಿದರೆ ಒಂದೊಂದೂ ಮುಕ್ಕಾಲು ಕಿಲೋ ದಾಟುತ್ತದೆ. 3500 ಉಳಿದರೆ 200 ಗ್ರಾಂ. ಅಷ್ಟು ಸಣ್ಣ ರೋಹು ತಿನ್ನಲು ಕೂತರೆ ಮುಳ್ಳು ಆರಿಸುವುದೇ ಕೆಲಸ. ವ್ಯಾಪಾರಿ ರೇಟು ಇಳಿಸಿಯೇ ಕೇಳುತ್ತಾನೆ.

ಮೇವಿನ ಖರ್ಚೂ ಕಮ್ಮಿ ಆಗುವುದಿಲ್ಲ. ಮೀನು ತಿಂದದ್ದು ಮೊದಲು ಜೀವ ಹಿಡಿಯಲು ಹೋಗುತ್ತದೆ, ಮಿಕ್ಕಿದ್ದು ಮಾತ್ರ ಮೈಗೆ ಹತ್ತುತ್ತದೆ. ಬಾಯಿ ಜಾಸ್ತಿ ಆದಷ್ಟೂ ತೌಡು, ಹಿಂಡಿ ಬರೀ ಹೊಟ್ಟೆಗೇ ಸರಿಹೋಗುತ್ತದೆ.

ಇನ್ನೊಂದು ದೊಡ್ಡ ಭಯ ಆಮ್ಲಜನಕದ್ದು. ರಾತ್ರಿಯೆಲ್ಲಾ ಮೀನಿನ ಜೊತೆ ನೀರಿನ ಹಸಿರು ಪಾಚಿಯೂ ಅದನ್ನೇ ಉಸಿರಾಡುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ತೀರಾ ಕೆಳಗಿಳಿದಿರುತ್ತದೆ. ಮೋಡ ಕವಿದ ದಿನದ ಮಾರನೆಯ ಬೆಳಿಗ್ಗೆ ಹೊಂಡದ ಹತ್ತಿರ ಹೋಗಿ ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅವತ್ತು ಮೇವು ಹಾಕಬೇಡಿ, ಪಂಪು ಹಚ್ಚಿ ಅದೇ ನೀರನ್ನು ಎತ್ತರದಿಂದ ಹೊಂಡಕ್ಕೇ ಚಿಮ್ಮಿಸಿ.

ಬಹಳ ಜನ ಮರೆಯುವುದು ಬೇಸಿಗೆಯನ್ನು. ಮರಿ ಬಿಡುವ ಆಗಸ್ಟ್‌ನಲ್ಲಿ ಹೊಂಡ ತುಂಬಿರುತ್ತದೆ. ಏಪ್ರಿಲ್ ಹೊತ್ತಿಗೆ ನೀರು ಅರ್ಧ, ಮೀನಿನ ತೂಕ ಎಷ್ಟೋ ಪಟ್ಟು. ನೀವು ಒಂದು ಮರಿಯನ್ನೂ ಸೇರಿಸದೆಯೇ ಹೊಂಡದಲ್ಲಿ ನೂಕುನುಗ್ಗಲು! ಅದಕ್ಕೇ ಬೇಸಿಗೆಯ ನೀರು ನೋಡಿ ಮರಿ ಬಿಡಿ. ನೀರು ಇಳಿಯುತ್ತಿದ್ದ ಹಾಗೇ ದಪ್ಪ ಮೀನು ಹಿಡಿದು ಮಾರಿ. ಮಿಕ್ಕವು ಬೇಗ ಬೆಳೆಯುತ್ತವೆ.

ಬೇಕಂತಲೇ ಒತ್ತೊತ್ತಾಗಿ ಸಾಕುವವರೂ ಇದ್ದಾರೆ. ಆಂಧ್ರದ ಕೊಲ್ಲೇರು ಕಡೆಯ ರೈತರು ಮರಿಗಳನ್ನು ತಿಂಗಳುಗಟ್ಟಲೆ ಒಂದೇ ಹೊಂಡದಲ್ಲಿ ತುಂಬಿ ಬೆಳೆಯದ ಹಾಗೆ ಕುಗ್ಗಿಸಿ ಇಡುತ್ತಾರೆ. ಆಮೇಲೆ ದೊಡ್ಡ ಹೊಂಡಕ್ಕೆ ಬಿಟ್ಟರೆ ಜಾಗ ಸಿಕ್ಕ ಖುಷಿಗೋ ಏನೋ, ಸರಸರ ಬೆಳೆಯುತ್ತವೆ. ಅವರಿಗೆ ಎರಡೆರಡು ಹೊಂಡ ಇದೆ, ನಿಮಗೆ ಒಂದೇ.

ಪಂಗಾಸ್ ಅನ್ನುವ ಮೀಸೆ ಮೀನಿನ ಮಾತು ಬೇರೆ. ಅದು ಮೇಲಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಒತ್ತಾಗಿ ಬಿಟ್ಟರೂ ತಡೆಯುತ್ತದೆ. ಆದರೆ ಪೂರ್ತಿ ಕೊಂಡ ಮೇವಿನ ಮೇಲೆಯೇ ಸಾಕಬೇಕು.

ಆ 5000 ಯಾವ ಸೈಜಿನ ಮರಿ ಅಂತಲೂ ಕೇಳಿ. ಇಂಚಿಗಿಂತ ಚಿಕ್ಕವಾದರೆ ಅರ್ಧಕ್ಕರ್ಧ ಸಾಯಬಹುದು, ಅದಕ್ಕೇ ಅಷ್ಟು ಹೇಳಿರುತ್ತಾರೆ. ಮೂರು-ನಾಲ್ಕು ಇಂಚಿನ ಮರಿಗೆ ದುಡ್ಡು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಹೊಂಡದಲ್ಲಿ ಎಷ್ಟು ಅಡಿ ನೀರು ಉಳಿಯುತ್ತದೆ, ರಾತ್ರಿ ಕರೆಂಟ್ ಇರುತ್ತದಾ ತಿಳಿಸಿ. ಸರಿಯಾದ ಲೆಕ್ಕ ಹೇಳುತ್ತೇನೆ.