ಚಿಕ್ಕಮಗಳೂರಿನಿಂದ ಒಂದು ಕಂಟೇನರ್ ಕಾಫಿ ಕಳಿಸುವಾಗ ನಿಜವಾದ ಕಷ್ಟ ಎಲ್ಲಿದೆ?

ಚಿಕ್ಕಮಗಳೂರು ಹತ್ತಿರ ತೋಟ ಇದೆ, ಜರ್ಮನಿಯವರೊಬ್ಬರು ಒಂದು ಕಂಟೇನರ್ ಕಾಫಿ ಕೇಳಿದ್ದಾರೆ, ಮಂಗಳೂರಿನಿಂದ ಕಳಿಸಬೇಕು, ಹಡಗಿನ ವ್ಯವಹಾರ ನೆನೆಸಿಕೊಂಡರೆ ಭಯ ಅಂತ ಬರೆದಿದ್ದೀರಿ. ನಾನು ಹಾಸನದಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಶಿಪ್ಪಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ಹಡಗಿಗೆ ಹೆದರಬೇಡಿ. ತಲೆಬಿಸಿ ಜಾಸ್ತಿ ಇರುವುದು ಕಂಟೇನರ್ ಮಂಗಳೂರಿನ ಬಂದರು ಇರುವ ಪಣಂಬೂರಿನ ಗೇಟಿನೊಳಗೆ ಹೋಗುವ ತನಕ.

ಮೊದಲು ಖಾಲಿ ಕಂಟೇನರ್ ಸಿಗಬೇಕಲ್ವಾ? ನಿಮಗೆ ಬೇಕಾದದ್ದು 20 ಅಡಿಯದ್ದು. 60 ಕೆಜಿಯ 320 ಚೀಲ, ಅಂದರೆ 19.2 ಟನ್ ಹಿಡಿಯುತ್ತದೆ. ಸೀಸನ್‌ನಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ, ಹಾಗಾಗಿ ಎಂಥದ್ದಾದರೂ ತಲೆಗೆ ಕಟ್ಟಲು ನೋಡುತ್ತಾರೆ. ಲೋಡ್ ಮಾಡುವ ಮೊದಲು ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಲಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ವಾಪಸ್ ಕಳಿಸಿ. ಮೀನಿನದ್ದೋ ಕೆಮಿಕಲ್‌ದೋ ವಾಸನೆ ಬಂದರೂ ಅಷ್ಟೇ, ಕಾಫಿ ಬೀಜ ಅದನ್ನು ಹೀರಿಕೊಳ್ಳುತ್ತದೆ. ಒಳಗೆ ಸುತ್ತ ಕ್ರಾಫ್ಟ್ ಪೇಪರ್ ಹೊದಿಸಿ, ತೇವ ಹೀರುವ ಡ್ರೈ ಬ್ಯಾಗ್ ತೂಗುಹಾಕಿಸಿ. ನಮ್ಮ ಸೆಖೆಯಲ್ಲಿ ತುಂಬಿದ ಕಂಟೇನರ್ ಯುರೋಪಿನ ಚಳಿಗೆ ಹೋದಾಗ ಚಾವಣಿ ಬೆವರಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟೋ ಬೂಷ್ಟಿನ ತಕರಾರು ಹುಟ್ಟುವುದು ಇಲ್ಲೇ.

ಆಮೇಲೆ ಘಾಟಿ. ಮ್ಯಾಪ್ ನೋಡಿ ಚಾರ್ಮಾಡಿಯೇ ಹತ್ತಿರ ಅಂದುಕೊಳ್ಳಬೇಡಿ, ಅಲ್ಲಿ ಟ್ರೈಲರ್ ಬಿಡುವುದಿಲ್ಲ. ಬೇಲೂರು, ಹಾಸನ ಸುತ್ತಿಕೊಂಡು ಸಕಲೇಶಪುರಕ್ಕೆ ಬಂದು ಶಿರಾಡಿ ಇಳಿಯಬೇಕು. ಶಿರಾಡಿಯೂ ಮಳೆಗಾಲದಲ್ಲಿ ಕೈಕೊಡುತ್ತದೆ. 2018ರ ಆಗಸ್ಟ್ ಮಳೆಗೆ ಕುಸಿದಾಗ ಭಾರಿ ವಾಹನಗಳಿಗೆ ತಿಂಗಳುಗಟ್ಟಲೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಮತ್ತೆ ಗುಡ್ಡ ಜಾರಿತು. ಗುಡ್ಡ ಜಾರದಿದ್ದರೂ ಒಂದು ಲಾರಿ ಅಡ್ಡ ಬಿದ್ದರೆ ಸಾಕು, ಡ್ರೈವರ್ ರಾತ್ರಿಯೆಲ್ಲ ಮಾರನಹಳ್ಳಿಯಲ್ಲೇ ಕೂರಬೇಕು.

ಹಡಗಿಗೆ ಇದೆಲ್ಲ ಗೊತ್ತಿಲ್ಲ. ಅದು ಹೊರಡುವ ಮೊದಲೇ ಕಟ್ ಆಫ್ ಅಂತ ಒಂದು ಹೊತ್ತು ಇರುತ್ತದೆ. ಅಷ್ಟರೊಳಗೆ ಕಂಟೇನರ್ ಒಳಗೆ ಹೋಗಿರಬೇಕು, ತೂಕದ ಪತ್ರ ಕೊಟ್ಟಿರಬೇಕು (ವಿಜಿಎಂ ಅನ್ನುತ್ತಾರೆ, 2016ರ ಜುಲೈನಿಂದ ಇದಿಲ್ಲದೆ ಹಡಗು ಹತ್ತಿಸುವುದಿಲ್ಲ), ಕಸ್ಟಮ್ಸ್ ಒಪ್ಪಿಗೆಯೂ ಆಗಿರಬೇಕು. ತಪ್ಪಿದರೆ ಮುಂದಿನ ಹಡಗು. ಅಲ್ಲಿಯವರೆಗೆ ಟ್ರೈಲರ್‌ನ ಹಾಲ್ಟಿಂಗ್ (ಕಾಯುವ ಬಾಡಿಗೆ), ಹಡಗು ಕಂಪನಿಯವರ ಡಿಟೆನ್ಷನ್ (ಕಂಟೇನರ್ ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ಹಾಕುವ ಚಾರ್ಜು), ಯಾರ್ಡ್ ಬಾಡಿಗೆ ಎಲ್ಲ ನಿಮ್ಮ ತಲೆಗೆ. ನಾವಂತೂ ಜೂನ್ ಆದ ಮೇಲೆ ಬೆಳಿಗ್ಗೆ ಹೊರಟರೆ ಸಂಜೆಗೆ ಪಣಂಬೂರು ಅನ್ನುವ ಲೆಕ್ಕವನ್ನೇ ಇಡುವುದಿಲ್ಲ. ಮಧ್ಯೆ ಎರಡು ದಿನ ಸುಮ್ನೆ ಬಿಟ್ಟಿರುತ್ತೇವೆ. ಮಾಲಕರಿಗೆ ಇದು ದಂಡ ಅನಿಸುತ್ತದೆ, ಅನಿಸಲಿ.

ಕಾಗದಪತ್ರಕ್ಕೆ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟ್, ಅಂದರೆ ಒಳ್ಳೆಯ ಸಿಎಚ್‌ಎ ಹಿಡಿಯಿರಿ. ಐಇಸಿ (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರು) ಮತ್ತು ಕಾಫಿ ಬೋರ್ಡಿನ ರಫ್ತುದಾರ ನೋಂದಣಿಯನ್ನು ಮಾತ್ರ ಈಗಲೇ ಮಾಡಿಸಿಕೊಳ್ಳಿ.

ಇನ್ನು ಸಮುದ್ರ. ಮಂಗಳೂರಿನಿಂದ ನಿಮ್ಮ ಕಂಟೇನರ್ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ಕಡೆ ಹೋಗಿ ದೊಡ್ಡ ಹಡಗು ಹತ್ತಬಹುದು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಅದಕ್ಕೇ 10-14 ದಿನ ಜಾಸ್ತಿ ಹಿಡಿಯುತ್ತಿತ್ತು. ಇದರಲ್ಲಿ ನೀವು ಮಾಡುವಂಥದ್ದು ಏನೂ ಇಲ್ಲ, ಕರಾರನ್ನು ಸರಿಯಾಗಿ ಬರೆಸಿಕೊಳ್ಳುವುದು ಬಿಟ್ಟರೆ. ಎಫ್‌ಒಬಿ ಮಂಗಳೂರು ಅಂತಲೇ ಮಾರಿ, ಅಂದರೆ ಮಂಗಳೂರಿನಲ್ಲಿ ಹಡಗು ಹತ್ತಿಸುವ ತನಕ ಮಾತ್ರ ನಿಮ್ಮ ಖರ್ಚು. ಆಗ ಸಮುದ್ರದ ಬಾಡಿಗೆ ಏರಿದರೆ ಅದು ಕೊಳ್ಳುವವರ ಖರ್ಚು. ಹಡಗಿನ ಹೆಸರು, ತಾರೀಖು ಹಾಕಿ ಮಾತು ಕೊಡಬೇಡಿ. ‘ಮಾರ್ಚ್ ಶಿಪ್‌ಮೆಂಟ್’ ಅಂತ ತಿಂಗಳು ಬರೆಸಿ, ಮೊದಲ ವಾರದ ಹಡಗಿಗೇ ಬುಕ್ ಮಾಡಿಸಿ. ಅದು ತಪ್ಪಿದರೂ ಕೈಯಲ್ಲಿ ಇನ್ನೂ ಮೂರು ವಾರ ಇರುತ್ತದೆ.